ಆಷಾಢದಲ್ಲಿ ಅಚ್ಚಾದ ಪುಸ್ತಕಗಳು

ತಿಪಟೂರಿನ ಪ್ರೆಸ್ಸುಗಳಲ್ಲಿ ಪುಸ್ತಕಗಳು ಅಚ್ಚಾಗುತ್ತಿದ್ದುದು ಆಷಾಢದಲ್ಲಿ. ಉಳಿದ ತಿಂಗಳುಗಳಲ್ಲಿ ಟ್ರೆಡಲ್ ಯಂತ್ರಗಳಿಗೆ ಲಗ್ನಪತ್ರಿಕೆ, ಕೊಬ್ಬರಿ ಮಂಡಿಗಳ ರಸೀತಿ ಪುಸ್ತಕ, ಸಿನಿಮಾ ಕರಪತ್ರಗಳ ಕೆಲಸವೇ ಮುಗಿಯುತ್ತಿರಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಅಚ್ಚಿನ ಮೊಳೆ ಜೋಡಿಸುವವರ ಕೈ ಖಾಲಿ. ವರ್ಷವಿಡೀ ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಅಲೆದವರನ್ನು ಪ್ರೆಸ್ಸಿನವರು ಆಗ ಕರೆದು ಕೂರಿಸುತ್ತಿದ್ದರು. ಪ್ರಕಾಶಕರಿಲ್ಲದೆ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಕೊಳ್ಳುವ ಲೇಖಕರು ಬೇಕೆಂದರೆ ಆ ತಿಂಗಳು ಪ್ರೆಸ್ಸುಗಳನ್ನು ಸುತ್ತಬೇಕು ಎಂಬುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ನಾನು ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕ ಮುಗಿಯುವವರೆಗೆ ಒಂದು ಜಿಲ್ಲಾ ದಿನಪತ್ರಿಕೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವರದಿಗಾರನಾಗಿದ್ದೆ. ಕೊಬ್ಬರಿ ಧಾರಣೆ, ಪುರಸಭೆ, ಅಪಘಾತಗಳ ಜೊತೆಗೆ ಭಾನುವಾರದ ಸಂಚಿಕೆಗೆ ‘ಹೊಸ ಪುಸ್ತಕ’ ಎಂಬ ಅರ್ಧ ಕಾಲಂ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಈಗ ಪತ್ರಿಕೆಗಳ ಪುಸ್ತಕ ವಿಭಾಗಕ್ಕೆ ಸೇರುವವರು ಆ ಕೆಲಸ ಹೇಗಿತ್ತೆಂದು ಕೇಳುವುದುಂಟು. ಅವರಿಗೆ ಪುಸ್ತಕಗಳು ತಾವಾಗಿಯೇ ಕಂಪ್ಯೂಟರಿಗೆ ಬಂದು ಬೀಳುತ್ತವೆ, ಆಯ್ದುಕೊಳ್ಳುವುದೇ ಕಷ್ಟ. ನಮಗೆ ಸಿಗುವುದೇ ಕಷ್ಟವಾಗಿತ್ತು. ನನ್ನ ಬಡ್ತಿ, ವರ್ಗಾವಣೆಗಳಿಂದ ಅವರಿಗೆ ಉಪಯೋಗವಿಲ್ಲ. ತಪ್ಪುಗಳಿಂದ ಇರಬಹುದು.

ದೊಡ್ಡ ಪ್ರಕಾಶಕರ ಪುಸ್ತಕಗಳು ತುಮಕೂರಿನ ಮುಖ್ಯ ಕಚೇರಿಗೆ ಅಂಚೆಯಲ್ಲಿ ಬರುತ್ತಿದ್ದವು. ನಮ್ಮ ಮೂರು ತಾಲ್ಲೂಕುಗಳ ಲೇಖಕರಿಗೆ ಪತ್ರಿಕೆಗೆ ಪುಸ್ತಕ ಕಳಿಸಬಹುದು ಎಂಬುದೇ ಗೊತ್ತಿರಲಿಲ್ಲ. ಒಮ್ಮೆ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಖಾರಾಬೂಂದಿ ಕೊಂಡೆ. ಪೊಟ್ಟಣ ಬಿಚ್ಚಿದರೆ ಒಂದೇ ಬದಿ ಅಚ್ಚಾಗಿ, ಮಸಿ ಕದಡಿ ತಿರಸ್ಕೃತವಾದ ಹಾಳೆ. ಅದರಲ್ಲಿ ದಬ್ಬೇಘಟ್ಟದ ಸುತ್ತಿನ ಕೆರೆಕಟ್ಟೆಗಳ ಹೆಸರು, ಪ್ರತಿಯೊಂದರ ಕೋಡಿ ಯಾವ ಕಡೆ ಹರಿಯುತ್ತದೆ ಎಂಬ ವಿವರ. ಅಂಗಡಿಯವನನ್ನು, ಇಂಥ ಹಾಳೆ ಇನ್ನೂ ಇದೆಯೇ ಎಂದು ಕೇಳಿದೆ.

“ತಿನ್ನಾಕೆ ತಗಂಡ್ರೋ, ಓದಾಕೆ ತಗಂಡ್ರೋ?” ಎಂದ. ಆಮೇಲೆ ಕನಿಕರದಿಂದ, “ತಿಪಟೂರು ಷಡಕ್ಷರಿಯೋರ ಪ್ರೆಸ್ಸಿಂದು ಕಣ್ರೀ ರದ್ದಿ. ಅಲ್ಲೋಗಿ” ಎಂದ.

ಹಾಗೆ ಷಡಕ್ಷರಿಯ ಪರಿಚಯವಾಯಿತು. ಕೆರೆಗಳ ಪುಸ್ತಕ ಬರೆದವರು ಆ ಹೋಬಳಿಯಲ್ಲಿ ಕಾಲ್ನಡಿಗೆಯಲ್ಲೇ ಕಾಗದ ಹಂಚಿ ನಿವೃತ್ತರಾದ ಅಂಚೆಯಾಳು. ಅಂದಿನಿಂದ ಪ್ರತಿ ಆಷಾಢ ನಾನು ಷಡಕ್ಷರಿಯ ಪ್ರೆಸ್ಸಿನಲ್ಲಿ, ಒಣಗಲು ಹಗ್ಗಕ್ಕೆ ನೇತುಹಾಕಿದ ಹಾಳೆಗಳ ಕೆಳಗೆ ಕತ್ತೆತ್ತಿ ಓದುತ್ತ ನಿಲ್ಲುವುದು ರೂಢಿಯಾಯಿತು.

ಮೊದಲ ದೊಡ್ಡ ತಪ್ಪು ಆ ವರ್ಷವೇ ಆಯಿತು. ತುರುವೇಕೆರೆಯ ನಿವೃತ್ತ ಹೆಡ್ಮಾಸ್ಟರ್ ರಾಮಸ್ವಾಮಯ್ಯನವರು ತಮ್ಮ ಕವನ ಸಂಗ್ರಹ ಕೊಟ್ಟರು. ಆಗ ಪುಸ್ತಕಗಳ ಹಾಳೆಗಳು ಮಡಿಕೆ ಬಿಡಿಸದೆಯೇ ಬರುತ್ತಿದ್ದವು. ಓದುವವನೇ ಚಾಕುವಿನಿಂದ ಕತ್ತರಿಸಿಕೊಳ್ಳಬೇಕು. ನಾನು ಮುನ್ನುಡಿಯನ್ನೂ ಮೊದಲ ಎಂಟು ಪುಟಗಳನ್ನೂ ಓದಿ, “ಆದ್ಯಂತ ಭಾವ ಒಂದೇ ಹದದಲ್ಲಿ ಹರಿದಿದೆ” ಎಂದು ಬರೆದೆ. ಮುಂದಿನ ವಾರ ಅವರು ಛತ್ರಿ ಮಡಚಿ ಎದುರು ಕುಳಿತರು.

“ಹದಿನೇಳನೇ ಪುಟ ತೆಗೀರಿ.”

ಚಾಕು ಹುಡುಕಿದೆ. ಅವರು ನೋಡುತ್ತಲೇ ಇದ್ದರು. ಹದಿನೇಳನೇ ಪುಟದಿಂದ ಮೂವತ್ತೆರಡರವರೆಗೆ ದನಗಳ ಕಾಲುಬಾಯಿ ಜ್ವರದ ಲಕ್ಷಣ ಮತ್ತು ಚಿಕಿತ್ಸೆ ಇತ್ತು. ಪ್ರೆಸ್ಸಿನಲ್ಲಿ ಎರಡು ಪುಸ್ತಕಗಳ ಹಾಳೆಗಳು ಸೇರಿಹೋಗಿದ್ದವು.

“ಬಾಯಲ್ಲಿ ನೊರೆ, ಕಾಲು ಕುಂಟುವುದು. ಇದರಲ್ಲಿ ನಿಮಗೆ ಯಾವ ಭಾವ ಕಂಡಿತು ಸ್ವಾಮಿ?”

ಅವರು ಎದ್ದು ಹೊರಡುವಾಗ, “ಪ್ರೆಸ್ಸಿನವನನ್ನ ಕ್ಷಮಿಸಿಬಿಟ್ಟೆ. ಅವನು ಓದ್ತೀನಿ ಅಂತ ಹೇಳಿರಲಿಲ್ಲ” ಎಂದರು.

ಈ ಸುದ್ದಿ ಸಂಪಾದಕರಾದ ಚಂದ್ರಶೇಖರಯ್ಯನವರಿಗೆ ಮುಟ್ಟಿತು. ಅವರು ದನಿ ಏರಿಸುವವರಲ್ಲ. ಒಂದು ಚೀಟಿಯಲ್ಲಿ ಬರೆದು ಕೊಟ್ಟರು: ಪ್ರತಿ ಪುಟ ಕತ್ತರಿಸಿ ಓದತಕ್ಕದ್ದು. ಲೇಖಕರನ್ನು ಕಣ್ಣಾರೆ ನೋಡದೆ ಬರೆಯತಕ್ಕದ್ದಲ್ಲ. ಪುಸ್ತಕದ ವಿಷಯವನ್ನೂ ಸುದ್ದಿಯಂತೆಯೇ ಖಚಿತವಾಗಿ ಬರೆಯತಕ್ಕದ್ದು. ‘ಕೆಲವರು’ ಎನ್ನದೆ ಎಷ್ಟು ಜನ ಎನ್ನಬೇಕು, ‘ಒಂದು ಕಡೆ’ ಎನ್ನದೆ ಯಾವ ಕಡೆ ಎನ್ನಬೇಕು. ಆ ಚೀಟಿ ನನ್ನ ಮೇಜಿನ ಗಾಜಿನ ಕೆಳಗೆ ಹಲವು ವರ್ಷ ಇತ್ತು. ಅದನ್ನು ಅಕ್ಷರಶಃ ಪಾಲಿಸಿದ್ದರಿಂದಲೇ ಮುಂದಿನ ಪ್ರಸಂಗ ನಡೆಯಿತು.

ಅದು ಎಂಬತ್ತರ ದಶಕದ ಆರಂಭ. ಷಡಕ್ಷರಿಯ ಹಗ್ಗದ ಮೇಲೆ ಸಣ್ಣದೊಂದು ಪುಸ್ತಕದ ಹಾಳೆಗಳಿದ್ದವು: ‘ಉಂಡೆ ಕೊಬ್ಬರಿ: ಅಟ್ಟದಿಂದ ಮಂಡಿಯವರೆಗೆ’. ಲೇಖಕರ ಹೆಸರಿನ ಜಾಗದಲ್ಲಿ ‘ಒಬ್ಬ ಅನುಭವಿ’ ಎಂದಷ್ಟೇ ಇತ್ತು.

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅವಸರಪಟ್ಟು ಇಳಿಸಿದರೆ ಕೊಬ್ಬರಿ ಕೆಡುತ್ತದೆ. ಮಂಡಿಯಲ್ಲಿ ಅದನ್ನು ಗಾಣಕ್ಕೆ ಹೋಗುವ, ಅಗ್ಗದ ಎಣ್ಣೆಯ ಗುಂಪಿಗೆ ತಳ್ಳುತ್ತಾರೆ. ಯಾವುದು ಯಾವ ಗುಂಪಿಗೆ ಹೋಗುತ್ತದೆ, ಏಕೆ ಹೋಗುತ್ತದೆ ಎಂಬುದು ಮಂಡಿಯ ಒಳಗಿನವರ ವಿದ್ಯೆ. ಬೆಳೆಗಾರ ಗಾಡಿಯ ಪಕ್ಕ ನಿಂತು ನೋಡಬಹುದಷ್ಟೇ. ಈ ಪುಸ್ತಕ ಆ ವಿದ್ಯೆಯನ್ನು ಬೆಳೆಗಾರನಿಗೆ ಹೇಳಿಕೊಡುತ್ತಿತ್ತು. ಒಂದು ಭಾಗ ನನಗೆ ಇಂದಿಗೂ ನೆನಪಿದೆ: “ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ನೀರು ಮಾತಾಡಿದರೆ ಅಟ್ಟದಲ್ಲೇ ಇರಲಿ. ಉಂಡೆ ಮಾತಾಡಿದರೆ ಇಳಿಸಿ. ಯಾವುದೂ ಮಾತಾಡದಿದ್ದರೆ ಅದನ್ನು ಬೇರೆ ಇಡಿ. ಒಳಗೆ ಅಂಟಿದೆ, ಮಂಡಿಯವರು ಒಡೆದು ನೋಡುವ ಮೊದಲು ನೀವೇ ಒಡೆದು ನೋಡಿ.” ಕೃಷಿಯ ಬಗ್ಗೆ ಅಷ್ಟು ನೇರವಾದ ಗದ್ಯವನ್ನು ನಾನು ಅಲ್ಲಿಯವರೆಗೆ ಓದಿರಲಿಲ್ಲ.

“ಯಾರು ಬರೆದದ್ದು?” ಎಂದೆ.

“ಅನುಭವಿ ಅಂತ ಹಾಕಿದೀವಲ್ಲ” ಎಂದ ಷಡಕ್ಷರಿ. “ಬೇರೆ ಪುಸ್ತಕ ನೋಡಿ ಸ್ವಾಮಿ. ಭಕ್ತಿಗೀತೆ ಇದಾವೆ.”

ಒಣಗಿದ ಹಾಳೆಗಳ ಒಂದು ಪ್ರತಿಯನ್ನು ಮನೆಗೆ ತಂದು ಎರಡು ಸಲ ಓದಿದೆ. ಮೊದಲು ಲೇಖಕ ಕೃಷಿ ಇಲಾಖೆಯ ಅಧಿಕಾರಿ ಇರಬೇಕೆಂದುಕೊಂಡಿದ್ದೆ. ಎರಡನೇ ಓದಿನಲ್ಲಿ ಒಂದು ಸಾಲು ತಡೆಯಿತು: “ಒಳ್ಳೆಯದು ಒಂದು ಪಕ್ಕಕ್ಕೆ, ಸಾಧಾರಣ ಇನ್ನೊಂದು ಪಕ್ಕಕ್ಕೆ, ಎಣ್ಣೆಯದು ಬೆನ್ನ ಹಿಂದಕ್ಕೆ.” ನಿಂತು ಕೆಲಸ ಮಾಡುವವನು ಬೆನ್ನ ಹಿಂದಕ್ಕೆ ಎಸೆಯುವುದಿಲ್ಲ. ಮಂಡಿಯಲ್ಲಿ ತೂಗುವವರು, ಮೂಟೆ ಹೊಲಿಯುವವರು ನಿಂತಿರುತ್ತಾರೆ. ಕೂತು ಕೆಲಸ ಮಾಡುವವರು ಕೊಬ್ಬರಿ ಆರಿಸುವವರು ಮಾತ್ರ, ಮತ್ತು ಅವರೆಲ್ಲ ಹೆಂಗಸರು.

ಮರುದಿನ ಷಡಕ್ಷರಿಗೆ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿದ. “ನಾನಂತೂ ಹೇಳಲಿಲ್ಲ ಅಂತ ಬರ್ಕೊಳ್ಳಿ. ಪ್ರೂಫ್ ನೋಡಾಕೆ ಹೊನ್ನವಳ್ಳಿ ಬಸ್ಸಲ್ಲಿ ಬತ್ತಿದ್ರು. ಅಷ್ಟೆಯ.”

ಭಾನುವಾರ ಹೊನ್ನವಳ್ಳಿಗೆ ಹೋದೆ. ಮಂಡಿಗೆ ಕೊಬ್ಬರಿ ಆರಿಸಲು ಹೋಗುವ ಹೆಂಗಸರಲ್ಲಿ ಓದುಬರಹ ಬಲ್ಲವರು ಯಾರು ಎಂದು ಎರಡು ಕಡೆ ಕೇಳಿದ್ದಕ್ಕೆ ಒಂದೇ ಮನೆ ತೋರಿಸಿದರು. ಶಿವಗಂಗಮ್ಮನವರಿಗೆ ಆಗ ನಲವತ್ತರ ಹತ್ತಿರ. ಏಳನೇ ತರಗತಿವರೆಗೆ ಓದಿದ್ದರು. ಗಂಡ ಸಿದ್ದಪ್ಪ ತೆಂಗಿನ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಜಗಲಿಯ ಮೇಲೆ ಒರಗಿದ್ದರು. ಮನೆ ನಡೆಯುತ್ತಿದ್ದುದು ಶಿವಗಂಗಮ್ಮ ತಿಪಟೂರಿನ ಮರುಳಪ್ಪನವರ ಮಂಡಿಯಲ್ಲಿ ಮಾಡುತ್ತಿದ್ದ ಕೆಲಸದಿಂದ.

“ಯಾರು ಹೇಳಿದ್ರು ನಿಮಗೆ?” ಎಂದರು.

ಬೆನ್ನ ಹಿಂದಿನ ಸಾಲನ್ನು ತೋರಿಸಿದೆ. ಅವರು ಅದನ್ನು ದಿಟ್ಟಿಸಿ ನೋಡಿದರು.

“ನೋಡ್ದ್ಯೇನೇ,” ಎಂದರು ಸಿದ್ದಪ್ಪ ಜಗಲಿಯಿಂದ. “ಹೆಸರು ಮುಚ್ಚಿದೆ, ಬೆನ್ನು ಬುಟ್ಟೆ.”

“ಸುಮ್ಕಿರಿ ನೀವು.” ನನ್ನ ಕಡೆ ತಿರುಗಿ, “ಹೆಸರು ಬೇಡ ಕಣ್ರೀ. ಮಂಡಿಯೋರಿಗೆ ತಿಳುದ್ರೆ ನಾಳೆಯಿಂದ ಕೂರಾಕೆ ಬುಡಲ್ಲ. ಒಬ್ಬರು ಬುಡ್ನಿಲ್ಲ ಅಂದ್ರೆ ಯಾರೂ ಬುಡಲ್ಲ” ಎಂದರು.

ಮತ್ತೆ ಯಾಕೆ ಬರೆದಿರಿ ಎಂದು ಕೇಳಿದೆ.

“ನಮ್ಮೂರಿನೋರೇ ಗಾಡಿ ಕಟ್ಕಂಡು ಬತ್ತಾರೆ. ಇನ್ನೆರಡು ತಿಂಗಳು ಅಟ್ಟದಾಗೆ ಇಟ್ಟಿದ್ರೆ ಚಿನ್ನದಂಗೆ ಆಗೋದು, ಅದನ್ನ ನನ್ನ ಕೈಯಾರೆ ಎಣ್ಣೆಗೆ ಎಸೀತೀನಿ. ಅವರು ಎದುರಿಗೇ ನಿಂತಿರ್ತಾರೆ. ಬಾಯಿ ಬುಡೋ ಹಂಗಿಲ್ಲ. ಎಷ್ಟು ವರ್ಷ ಅಂತ ಹಂಗೇ ಎಸೀಲಿ?”

ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ಅಭ್ಯಾಸಬಲದಿಂದ ವಿವರಗಳನ್ನು ಕೇಳಿದೆ. ‘ಒಂದು ಪಕ್ಕ’ ಎಂದರೆ ಯಾವ ಪಕ್ಕ? ಅವರು ಕೂತಲ್ಲೇ ಕೈಯಾಡಿಸಿ ತೋರಿಸಿದರು: ಒಳ್ಳೆಯದು ಎಡಕ್ಕೆ, ಸಾಧಾರಣ ಬಲಕ್ಕೆ. ನಾನು ಬರೆದುಕೊಂಡೆ.

ಸಂಪಾದಕರು ಲೇಖಕರ ಹೆಸರಿಲ್ಲದೆ ಟಿಪ್ಪಣಿ ಹಾಕಲು ಒಪ್ಪಿದರು; ನಾನು ಲೇಖಕರನ್ನು ಕಂಡು ಮಾತಾಡಿದ್ದೇನೆ ಎಂಬುದು ಅವರಿಗೆ ಸಾಕಾಯಿತು. ಟಿಪ್ಪಣಿಯ ಕೊನೆಯಲ್ಲಿ ನಾನು ಬರೆದ ವಾಕ್ಯ ಹೀಗಿತ್ತು: “ಇದು ನಿಂತು ನೋಡಿದವರ ಪುಸ್ತಕವಲ್ಲ, ಮಂಡಿಯಲ್ಲಿ ಕೂತು ಒಳ್ಳೆಯದನ್ನು ಎಡಕ್ಕೂ ಸಾಧಾರಣವನ್ನು ಬಲಕ್ಕೂ ಹಾಕಿ ನುರಿತ ಕೈಯ ಪುಸ್ತಕ.” ಚಂದ್ರಶೇಖರಯ್ಯನವರು ಅದರ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, “ಹೀಗೆ ಬರೀಬೇಕು” ಎಂದರು. ಅವರು ಹಾಗೆ ಹೇಳಿದ್ದು ಅಪರೂಪ. ನಾನು ಆ ವಾರವೆಲ್ಲ ಸಂತೋಷದಿಂದ ಇದ್ದೆ.

ಪುಸ್ತಕ ಕೇಳಿಕೊಂಡು ಪ್ರೆಸ್ಸಿಗೆ ಜನ ಬಂದರು. ಎರಡು ವಾರದ ನಂತರ ಷಡಕ್ಷರಿ ನನ್ನನ್ನು ಕಂಡು ಯಂತ್ರ ನಿಲ್ಲಿಸಿದ. “ಆ ಯಮ್ಮನ್ನ ಮಂಡಿಯಿಂದ ಕಳಿಸಿಬುಟ್ರು” ಎಂದ.

ನಾನು ನೇರವಾಗಿ ಮರುಳಪ್ಪನವರ ಬಳಿಗೆ ಹೋದೆ. ಅವರು ಒರಟರಲ್ಲ, ಕಾಫಿ ತರಿಸಿದರು. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ನನ್ನ ಟಿಪ್ಪಣಿಯ ಕತ್ತರಿಸಿದ ತುಂಡು ತೆಗೆದು ಮೇಜಿನ ಮೇಲಿಟ್ಟರು.

“ತಿಪಟೂರಲ್ಲಿ ಎಲ್ಲಾ ಮಂಡೀಲೂ ಒಳ್ಳೇದು ಬಲಕ್ಕೆ ಬೀಳುತ್ತೆ ಕಣ್ರೀ. ನಮ್ಮ ತಕ್ಕಡಿ ಎಡಗಡೆ ಇದೆ. ಅದಕ್ಕೇ ನಮ್ಮಪ್ಪನ ಕಾಲದಿಂದ ಎಡಕ್ಕೆ. ಎಡಕ್ಕೆ ಹಾಕೋದು ಈ ಊರಲ್ಲಿ ನಮ್ಮದೊಂದೇ. ನಮ್ಮಲ್ಲಿ ಕೂರೋರಲ್ಲಿ ಪೆನ್ಸಿಲ್ ಹಿಡಿಯೋಳು ಒಬ್ಬಳೇ.”

“ಪುಸ್ತಕದಲ್ಲಿ ಸುಳ್ಳು ಏನಿದೆ?” ಎಂದೆ.

“ಸುಳ್ಳು ಅಂತ ನಾನು ಅಂದ್ನಾ? ನಿಜ ಇರೋದಕ್ಕೇ ಕಳಿಸಿದ್ದು. ನನ್ನ ಜಗಲಿ ಮೇಲೆ ಕೂತು ಕಲಿತಿದ್ದನ್ನ ಊರಿಗೆಲ್ಲ ಹಂಚಿದ್ಲು. ನಿಮ್ಮ ಆಫೀಸಿನ ಒಳಗಿನ ಮಾತನ್ನ ನಿಮ್ಮ ಜವಾನ ಬರೆದು ಅಚ್ಚು ಹಾಕಿಸಿದ್ರೆ ಇಟ್ಕತೀರೇನಪ್ಪ?” ಆ ತುಂಡನ್ನು ನನ್ನ ಕಡೆ ಸರಿಸಿ, “ಪುಸ್ತಕ ನೋಡಿದಾಗ ನಮ್ಮ ಮಂಡೀದು ಅಂತ ನನಗೆ ಹೊಳೀಲಿಲ್ಲ. ನೀವು ಬರೆದಿದ್ದಕ್ಕೆ ಹೊಳೀತು” ಎಂದರು.

ಮನೆಗೆ ಬಂದು ಪುಸ್ತಕ ತೆರೆದೆ. ಅದರಲ್ಲಿ ಎಲ್ಲಿಯೂ ಎಡ ಇಲ್ಲ, ಬಲ ಇಲ್ಲ. ಕಾಯಿ ಒಡೆಯುವ ಕೋನವನ್ನೂ ಬೂಷ್ಟಿನ ಬಣ್ಣವನ್ನೂ ಅಷ್ಟು ಖಚಿತವಾಗಿ ಬರೆದವರು ಇಲ್ಲಿ ಮಾತ್ರ ‘ಒಂದು ಪಕ್ಕ, ಇನ್ನೊಂದು ಪಕ್ಕ’ ಎಂದು ಬಿಟ್ಟಿದ್ದರು. ಅದು ಲೇಖಕಿಯ ಅಲಕ್ಷ್ಯ ಎಂದು ನಾನು ತಿಳಿದಿದ್ದೆ. ಅದು ಆಕೆ ಅತ್ಯಂತ ಎಚ್ಚರದಿಂದ ಬರೆದ ಸಾಲಾಗಿತ್ತು. ಹೆಸರು ಮುಚ್ಚಿಡುತ್ತೇನೆ ಎಂದು ಮಾತು ಕೊಟ್ಟು, ಹೆಸರಿಗಿಂತ ಸ್ಪಷ್ಟವಾದ ಗುರುತನ್ನು ನಾನು ಅಚ್ಚು ಹಾಕಿಸಿದ್ದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದ ಒಂದೇ ಮಾತು ಇದು: ಬರೆದವರು ಏನನ್ನಾದರೂ ಬಿಟ್ಟಿದ್ದರೆ, ತುಂಬಿಸುವ ಮೊದಲು ಏಕೆ ಬಿಟ್ಟರೆಂದು ಕೇಳಿ.

ತುಮಕೂರಿಗೆ ಹೋಗಿ ಸಂಪಾದಕರಿಗೆ ಎಲ್ಲವನ್ನೂ ಹೇಳಿದೆ. ಮುಂದಿನ ವಾರ ಏನಾದರೂ ಹಾಕಬಹುದೇ ಎಂದು ಕೇಳಿದೆ.

“ತಪ್ಪು ಸುದ್ದಿಗೆ ತಿದ್ದುಪಡಿ ಹಾಕಬಹುದು” ಎಂದರು. “ಇದು ಸರಿಯಾದ ಸುದ್ದಿ. ಇದಕ್ಕೆ ಏನಂತ ತಿದ್ದುಪಡಿ ಹಾಕೋಣ?” ತಮ್ಮ ಪೆನ್ಸಿಲ್ ಗೆರೆಯನ್ನು ಅವರು ಮರೆತಿರಲಿಲ್ಲ. “ಗೆರೆ ಎಳೆದವನು ನಾನು. ಹೋಗಿ ಅವರ ಎದುರು ಕೂತು ಬನ್ನಿ. ಬೇರೆ ದಾರಿ ಇಲ್ಲ.”

ಹೊನ್ನವಳ್ಳಿಗೆ ಹೋದೆ. ಶಿವಗಂಗಮ್ಮ ಬಾಗಿಲಲ್ಲೇ ನಿಂತಿದ್ದರು; ಒಳಗೆ ಬನ್ನಿ ಎನ್ನಲಿಲ್ಲ. ನನ್ನಿಂದ ಆದದ್ದು ಎಂದು ಹೇಳಿದೆ.

“ಗೊತ್ತು. ಮರುಳಪ್ಪೋರು ಪೇಪರ್ ಓದಿಸಿಯೇ ಕಳಿಸಿದ್ದು. ನನ್ನ ಕೈಲೇ ಓದಿಸಿದ್ರು.” ಆಮೇಲೆ, “ಎಡ ಬಲ ಯಾಕೆ ಬುಟ್ಟಿದೀಯವ್ವಾ ಅಂತ ಒಂದು ಮಾತು ಕೇಳಬೇಕಾಗಿತ್ತು ನೀವು” ಎಂದರು.

ಬೇರೆ ಯಾವ ಮಂಡಿಯವರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ನಾನು ಇಬ್ಬರನ್ನು ಕೇಳಿ ನೋಡಿದೆ. ಇಬ್ಬರೂ ಪುಸ್ತಕವನ್ನು ಹೊಗಳಿದರು. ಕೆಲವು ತಿಂಗಳು ಶಿವಗಂಗಮ್ಮ ಕೂಲಿಗೆ ಹೋದರು. ಅಟ್ಟ ಇಳಿಸುವ ಕಾಲ ಬಂದಾಗ ಪುಸ್ತಕ ಓದಿದ್ದ ಒಬ್ಬ ಬೆಳೆಗಾರ ದಬ್ಬೇಘಟ್ಟದ ಕಡೆಯಿಂದ ಬಂದು, ಗಾಡಿ ಹೂಡುವ ಮೊದಲು ತನ್ನ ಮನೆಯಲ್ಲೇ ಆರಿಸಿಕೊಡಲು ಕರೆದ. ಆಮೇಲೆ ಇನ್ನಿಬ್ಬರು. ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಮಂಡಿಯ ಕೆಲಸ ವರ್ಷವಿಡೀ ಇತ್ತು. ಇದು ಒಂದು ಕಾಲಕ್ಕೆ ಮಾತ್ರ. ಆದರೆ ಆ ಮನೆಗಳಲ್ಲಿ ಅವರು ಬಾಯಿ ಬಿಟ್ಟು ಹೇಳಬಹುದಿತ್ತು.

ಮುಂದಿನ ವರ್ಷ ಪುಸ್ತಕ ಎರಡನೇ ಸಲ ಅಚ್ಚಾಯಿತು. ಷಡಕ್ಷರಿ ಹಾಳೆ ತೋರಿಸಿದ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಹೊನ್ನವಳ್ಳಿ ಶಿವಗಂಗಮ್ಮ’ ಎಂದಿತ್ತು. ಇನ್ನು ಮುಚ್ಚುವುದಕ್ಕೆ ಏನೂ ಉಳಿದಿಲ್ಲ, ದೊಡ್ಡ ಮೊಳೆಯಲ್ಲೇ ಹಾಕು ಎಂದಿದ್ದರಂತೆ.

ನಾನು ಹೊಸ ಟಿಪ್ಪಣಿ ಬರೆದೆ. ಬರೆದದ್ದನ್ನು ಅಚ್ಚಿಗೆ ಮೊದಲು ಸಂಬಂಧಪಟ್ಟವರಿಗೆ ತೋರಿಸಬಾರದು ಎಂಬುದು ಪತ್ರಿಕೆಯ ಕಟ್ಟುನಿಟ್ಟು. ನನ್ನ ವೃತ್ತಿಯಲ್ಲಿ ಅದನ್ನು ಮುರಿದದ್ದು ಒಂದೇ ಸಲ. ಹಾಳೆ ಹಿಡಿದು ಹೊನ್ನವಳ್ಳಿಗೆ ಹೋದೆ. ಈ ಸಲ ಒಳಗೆ ಕರೆದು ಚಾಪೆ ಹಾಸಿದರು. ಓದಿದೆ. ಐದು ವಾಕ್ಯಗಳಿದ್ದವು. ಅವರು ಕೊನೆಯವರೆಗೂ ಕೇಳಿದರು.

“ಆ ಕಡೇದು ಹೊಡೀರಿ” ಎಂದರು.

ಅದು ಮಂಡಿಯ ಕೆಲಸ ಹೋದದ್ದು ಯಾರಿಂದ ಎಂಬುದನ್ನು ಹೇಳುವ ವಾಕ್ಯ. ಅದೇ ಮುಖ್ಯವಾದದ್ದು, ಅದಕ್ಕೋಸ್ಕರವೇ ಬರೆದೆ ಎಂದೆ.

“ಅದು ನಿಮ್ಮ ಸಂಕಟ ಕಣ್ರೀ. ನನ್ನ ಪುಸ್ತಕದ ಮೇಲೆ ಯಾಕೆ ಹೇರ್ತೀರಿ? ಓದೋರಿಗೆ ಕೊಬ್ಬರಿ ವಿಚಾರ ಬೇಕು. ನನ್ನ ಪಾಡು ಓದಿ ಅಯ್ಯೋ ಅಂದು ಮಡಿಸಿಡ್ತಾರೆ.”

ಅಲ್ಲೇ ಗೆರೆ ಎಳೆದು ಹೊಡೆದೆ. ಟಿಪ್ಪಣಿ ನಾಲ್ಕು ವಾಕ್ಯಗಳಲ್ಲಿ ಪ್ರಕಟವಾಯಿತು.

ನನ್ನ ನೆನಪುಗಳ ಪುಸ್ತಕಕ್ಕೆ ಇದನ್ನು ಬರೆಯಲು ಕೂರುವ ಮೊದಲು ಮತ್ತೆ ಹೊನ್ನವಳ್ಳಿಗೆ ಹೋಗಿದ್ದೆ. ಅವರಿಗೆ ಈಗ ತುಂಬ ವಯಸ್ಸಾಗಿದೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಂದು ಹೊಡೆದುಹಾಕಿದ ವಾಕ್ಯವನ್ನು ಈಗ ಬರೆಯಬಹುದೇ ಎಂದು ಕೇಳಿದೆ.

“ಯಾರ ಪುಸ್ತಕ ಇದು?”

“ನನ್ನದು.”

“ಹಂಗಾದ್ರೆ ಬರೀರಿ. ನಿಮ್ಮದರಲ್ಲಿ ಅದು ಇರಬೇಕು.”

ವಾಕ್ಯ ಇದು: “ಈ ಪುಸ್ತಕದ ಲೇಖಕಿ ಕೆಲಸ ಕಳೆದುಕೊಂಡದ್ದು ತಾವು ಬರೆದದ್ದರಿಂದಲ್ಲ, ಅವರು ತಿಳಿದೇ ಬರೆಯದೆ ಬಿಟ್ಟದ್ದನ್ನು ಈ ಅಂಕಣಕಾರ ಬರೆದದ್ದರಿಂದ.”